ಕಿಡ್ನಿಯೇ ಅಡಮಾನವಾದರೆ

ಹತ್ತಿರದ ಸಂಬಂಧಿಯಲ್ಲದವರೊಬ್ಬರು ಕಿಡ್ನಿ ಕೊಡಲು ಮುಂದೆ ಬಂದರೆ, ಆಪರೇಷನ್ನಿಗೆ ಮುಂಚೆ ಕೊಡುವವರೂ ಪಡೆಯುವವರೂ ಅನುಮತಿ ಸಮಿತಿಯ ಎದುರು ಕೂರಬೇಕು. ಸಮಿತಿ ಕೇಳುವ ಕಾಗದಪತ್ರ ಬಹಳ. ಇಬ್ಬರಿಗೂ ಇರುವ ನಂಟು ಏನು, ಅದಕ್ಕೆ ಪುರಾವೆ ಏನು, ಒಟ್ಟಿಗೆ ತೆಗೆಸಿಕೊಂಡ ಹಳೆಯ ಫೋಟೊ ಇದೆಯೇ, ನಡುವೆ ದಲ್ಲಾಳಿ ಯಾರಾದರೂ ಇದ್ದಾರೆಯೇ ಎಂದೆಲ್ಲ ವಿಚಾರಿಸುತ್ತಾರೆ. ಇವುಗಳ ಜೊತೆಗೆ ಇಬ್ಬರೂ ಹಿಂದಿನ ಮೂರು ಹಣಕಾಸು ವರ್ಷಗಳ ಉದ್ಯೋಗ ಮತ್ತು ಆದಾಯದ ದಾಖಲೆ ಒಪ್ಪಿಸಬೇಕು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯ ಪಕ್ಕದಲ್ಲಿ ಆದಾಯದ ಕಾಗದಕ್ಕೆ ಏನು ಕೆಲಸ ಎಂದು ಮೊದಲ ಸಲ ನೋಡಿದವರಿಗೆ ಅನ್ನಿಸುತ್ತದೆ. ಪಡೆಯುವವರಿಗೆ ಜಯನಗರದಲ್ಲಿ ಸ್ವಂತ ಮನೆ, ಕೊಡುವವರಿಗೆ ಪೀಣ್ಯದಲ್ಲಿ ದಿನಗೂಲಿ ಎಂದಾದರೆ, 'ಅಕ್ಕರೆಯಿಂದ ಕೊಡುತ್ತಿದ್ದೇನೆ' ಎಂಬ ಮಾತನ್ನು ಸಮಿತಿ ಮುಖಬೆಲೆಗೆ ತೆಗೆದುಕೊಳ್ಳುವ ಹಾಗಿಲ್ಲ. ಆ ಅಂತರವನ್ನು ಅದು ತೂಗಿ ನೋಡಲೇಬೇಕು.

ಇಷ್ಟೆಲ್ಲ ತಪಾಸಣೆಯ ಬದಲು ಕೊಳ್ಳುವುದನ್ನೂ ಮಾರುವುದನ್ನೂ ಕಾನೂನುಬದ್ಧ ಮಾಡಿಬಿಟ್ಟರೆ ಆಗದೇ ಎಂಬ ಪ್ರಶ್ನೆ ಹೊಸದಲ್ಲ, ಹಗುರವಾದದ್ದೂ ಅಲ್ಲ. ಒಂದು ಕಡೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ರೋಗಿ. ಇನ್ನೊಂದು ಕಡೆ ಬಡ್ಡಿ ಕಟ್ಟಲಾಗದೆ ಬಾಗಿಲು ಹಾಕಿಕೊಂಡು ಒಳಗೆ ಕೂರುವ ಕುಟುಂಬ. ಒಬ್ಬರಿಗೆ ಕಿಡ್ನಿ ಬೇಕು, ಇನ್ನೊಬ್ಬರಿಗೆ ದುಡ್ಡು ಬೇಕು. ಇಬ್ಬರೂ ಒಪ್ಪಿದರೆ ಮೂರನೆಯವರಿಗೇನು ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಅದಕ್ಕೆ ಉತ್ತರ ಹುಡುಕಬೇಕಾದದ್ದು ಕಿಡ್ನಿಯ ಬೆಲೆಯಲ್ಲಲ್ಲ, ಮಾರುವವರ ಸಾಲದಲ್ಲಿ.

ಕಾನೂನು ಈಗ ಹೇಳುವುದೇನು

ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. ಅದಕ್ಕೂ ಮುಂಚೆ ಮುಂಬೈ, ಚೆನ್ನೈಗಳ ಹಾಗೆ ಬೆಂಗಳೂರೂ ಕಿಡ್ನಿ ವ್ಯಾಪಾರಕ್ಕೆ ಹೆಸರಾಗಿತ್ತು. ಹೊರದೇಶಗಳ ರೋಗಿಗಳು ಬರುತ್ತಿದ್ದರು, ಇಲ್ಲಿನ ಬಡವರು ಮಾರುತ್ತಿದ್ದರು, ತಡೆಯುವ ಕಾನೂನು ಇರಲಿಲ್ಲ. 2011ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಶಿಕ್ಷೆ ಹೆಚ್ಚಿತು. ಅಂಗಾಂಗಕ್ಕಾಗಿ ಹಣ ಕೊಟ್ಟವರಿಗೆ, ಪಡೆದವರಿಗೆ, ಗಿರಾಕಿ ಹುಡುಕಿಕೊಟ್ಟವರಿಗೆ, ಜಾಹೀರಾತು ಕೊಟ್ಟವರಿಗೆ ಈಗ ಕನಿಷ್ಠ 5 ವರ್ಷದಿಂದ 10 ವರ್ಷದವರೆಗೆ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ದಾನ ಮಾಡಬಹುದಾದ ಹತ್ತಿರದ ಸಂಬಂಧಿಗಳೆಂದರೆ ಗಂಡ ಅಥವಾ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು. ಸೋದರಮಾವ, ಚಿಕ್ಕಪ್ಪ, ಅತ್ತಿಗೆ, ಭಾವ ಈ ಪಟ್ಟಿಯಲ್ಲಿಲ್ಲ. ನಮ್ಮ ಮನೆಗಳ ಲೆಕ್ಕದಲ್ಲಿ ಸೋದರಮಾವನಿಗಿಂತ ಹತ್ತಿರದವರು ಯಾರು ಎಂದು ಕೇಳಬಹುದು. ಕಾನೂನಿನ ಲೆಕ್ಕ ಬೇರೆ. ಇಂಥವರೆಲ್ಲ 'ಪ್ರೀತಿ, ಬಾಂಧವ್ಯ ಅಥವಾ ಬೇರೆ ವಿಶೇಷ ಕಾರಣ' ಎಂಬ ಕಲಮಿನಡಿ ಸಮಿತಿಯ ಮುಂದೆ ಬರಬೇಕು. ವ್ಯಾಪಾರ ನುಸುಳುವುದೂ ಇದೇ ಬಾಗಿಲಿನಿಂದ. ದಲ್ಲಾಳಿ ಸುಳ್ಳು ವಂಶವೃಕ್ಷ ಬರೆಸುತ್ತಾನೆ, ವಿಳಾಸ ಬದಲಿಸಿ ಗುರುತಿನ ಚೀಟಿ ಮಾಡಿಸುತ್ತಾನೆ, ಸಮಿತಿಯಲ್ಲಿ ಹೇಳಬೇಕಾದ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಾನೆ. ಕಾಗದ ಸರಿಯಿದ್ದರೆ ಸುಳ್ಳನ್ನು ಹಿಡಿಯುವುದು ಕಷ್ಟ. ಸಂದರ್ಶನದ ವಿಡಿಯೊ ದಾಖಲೆ ಕಡ್ಡಾಯವಾಗಿರುವುದು ಈ ಕಾರಣಕ್ಕೆ.

ಇನ್ನು ಅಂತರ್ಜಾಲದಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಹೆಸರು ಹಾಕಿಕೊಂಡು 'ಕಿಡ್ನಿಗೆ ಕೋಟಿ ರೂಪಾಯಿ' ಎಂದು ಕಾಣಿಸುವ ಪ್ರಕಟಣೆಗಳ ವಿಷಯ. ಅಲ್ಲಿ ಕಿಡ್ನಿ ಕೊಳ್ಳುವವರು ಯಾರೂ ಇಲ್ಲ. ನೋಂದಣಿ ಶುಲ್ಕ, ತೆರಿಗೆ, ಪರೀಕ್ಷೆಯ ಖರ್ಚು ಎಂದು ಸಾಲದಲ್ಲಿ ಮುಳುಗಿದವರಿಂದಲೇ ಸಾವಿರಗಟ್ಟಲೆ ಕಿತ್ತುಕೊಂಡು ನಂಬರ್ ಸ್ವಿಚ್ ಆಫ್ ಮಾಡುವ ಮೋಸ ಅದು.

ಚೆನ್ನೈನ 305 ಜನ

ಮಾರಿದವರಿಗೆ ಆಮೇಲೆ ಏನಾಯಿತು ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ಸಿಕ್ಕ ಲೆಕ್ಕವಿದೆ. ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು ಮಾತನಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 96% ಜನ ಮಾರಿದ್ದು ಸಾಲ ತೀರಿಸಲು. ಸರಾಸರಿ 1,410 ಡಾಲರ್ ಕೊಡುತ್ತೇವೆ ಎಂದಿದ್ದವರು ಕೈಗಿಟ್ಟದ್ದು 1,070 ಡಾಲರ್. ಆಪರೇಷನ್ ಆದ ಮೇಲೆ ಕುಟುಂಬದ ಆದಾಯ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಬಡತನದ ರೇಖೆಯ ಕೆಳಗಿದ್ದವರು 54% ಇದ್ದದ್ದು 71% ಆಯಿತು. ಆರೋಗ್ಯ ಕೆಟ್ಟಿತು ಎಂದವರು 86%. ಬೇರೆಯವರಿಗೆ ಮಾರಬೇಡಿ ಎನ್ನುತ್ತೇವೆ ಎಂದವರು 79%. ಸಾಲಕ್ಕಾಗಿ ಮಾರಿದವರಲ್ಲಿ ಮುಕ್ಕಾಲು ಪಾಲು ಜನರ ಸಾಲ ಹಾಗೇ ಇತ್ತು. ಮಾರಿದವರಲ್ಲಿ 71% ಹೆಂಗಸರು.

ಮಾರಾಟ ಬೇಕು ಎನ್ನುವವರು ಇದಕ್ಕೆ ಕೊಡುವ ಉತ್ತರವನ್ನು ಪ್ರಾಮಾಣಿಕವಾಗಿ ಕೇಳಿಸಿಕೊಳ್ಳಬೇಕು. ಇದು ಕಳ್ಳಸಂತೆಯ ಚಿತ್ರ, ಕಾನೂನಿನೊಳಗೆ ನಡೆದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ ಅವರು. ಒಂದು ಮಟ್ಟಿಗೆ ಇದು ನಿಜ. ಕಿಡ್ನಿ ವ್ಯಾಪಾರದಲ್ಲಿ ಮಾರುವವರು ತಮ್ಮ ಸರಕನ್ನು ಒಪ್ಪಿಸುವುದು ಅರಿವಳಿಕೆಯಲ್ಲಿ ಮಲಗಿದ್ದಾಗ. ಎಚ್ಚರವಾದ ಮೇಲೆ ಕೊಳ್ಳುವವರು ಮಾತು ತಪ್ಪಿದರೆ ಸರಕನ್ನು ವಾಪಸ್ ಕೇಳುವ ಹಾಗಿಲ್ಲ, ಪೊಲೀಸ್ ಠಾಣೆಗೆ ಹೋದರೆ ತಾವೂ ಆರೋಪಿಗಳೇ. ಬರೆದುಕೊಟ್ಟ ಕರಾರು, ಬ್ಯಾಂಕಿನಲ್ಲಿ ಮೊದಲೇ ಇಟ್ಟ ಹಣ, ಮೇಲೆ ಕೋರ್ಟು ಇದ್ದರೆ ಈ ಮೋಸ ಬಹುಪಾಲು ನಿಲ್ಲುತ್ತದೆ. 1,410ಕ್ಕೂ 1,070ಕ್ಕೂ ನಡುವಿನ ವ್ಯತ್ಯಾಸವನ್ನು ಕಾನೂನು ತುಂಬಬಲ್ಲದು.

ಆದಾಯ ಮೂರನೇ ಒಂದು ಭಾಗ ಕುಸಿದದ್ದನ್ನು ಯಾವ ಕರಾರು ತುಂಬುತ್ತದೆ? ಮೈಬಗ್ಗಿಸಿ ದುಡಿಯುವವರಿಗೆ ಮೈಯೇ ಬಂಡವಾಳ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಕಿಡ್ನಿ ತೆಗೆದರೂ ಸುಮಾರು ಆರು ವಾರ ಭಾರ ಎತ್ತಬಾರದು. ಯಶವಂತಪುರದ ಎಪಿಎಂಸಿಯಲ್ಲಿ ಮೂಟೆ ಹೊರುವವರಿಗೆ, ಕಟ್ಟಡದ ಕೆಲಸದಲ್ಲಿ ಸಿಮೆಂಟ್ ಎತ್ತುವವರಿಗೆ ಆರು ವಾರ ಎಂದರೆ ಕೆಲಸ ಬೇರೆಯವರ ಪಾಲಾಗುವಷ್ಟು ಕಾಲ. ಸರಿಯಾದ ವಿಶ್ರಾಂತಿಯಿಲ್ಲದೆ ಬೇಗ ಕೆಲಸಕ್ಕೆ ಇಳಿದರೆ ಗಾಯದ ಜಾಗದಲ್ಲಿ ಹರ್ನಿಯಾ, ಬಿಡದ ನೋವು. ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫಿನಾಕ್ ನುಂಗುತ್ತ ಹೋದರೆ ಪೆಟ್ಟು ಬೀಳುವುದು ಉಳಿದ ಒಂದೇ ಕಿಡ್ನಿಗೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಚೆನ್ನಾಗಿ ಪರೀಕ್ಷೆ ಮಾಡಿ ಆರಿಸಿದ ದಾನಿಗೆ ಕಿಡ್ನಿ ಕೊಡುವುದು ಅಪಾಯಕಾರಿ ಕೆಲಸವಲ್ಲ. ಅಮೆರಿಕದ ಸುಮಾರು 80,000 ದಾನಿಗಳ ಲೆಕ್ಕದಲ್ಲಿ ಆಪರೇಷನ್ನಿನ ನಂತರದ 90 ದಿನಗಳಲ್ಲಿ ಸತ್ತವರು 10,000ಕ್ಕೆ ಸುಮಾರು 3. ಅಲ್ಲಿನದೇ ಇನ್ನೊಂದು ಅಧ್ಯಯನದ ಪ್ರಕಾರ 15 ವರ್ಷಗಳಲ್ಲಿ ಸ್ವಂತ ಕಿಡ್ನಿ ವಿಫಲವಾಗುವ ಸಾಧ್ಯತೆ ದಾನಿಗಳಲ್ಲಿ 10,000ಕ್ಕೆ ಸುಮಾರು 31, ಅಷ್ಟೇ ಆರೋಗ್ಯವಂತರಾಗಿದ್ದು ದಾನ ಮಾಡದವರಲ್ಲಿ ಸುಮಾರು 4. ಅಪಾಯ ಹೆಚ್ಚುತ್ತದೆ, ಆದರೂ ಒಟ್ಟಿನಲ್ಲಿ ಸಣ್ಣದು. ತಂಗಿಗೆ ಕಿಡ್ನಿ ಕೊಡಬೇಕೆಂದಿರುವ ಅಕ್ಕ ಹೆದರಬೇಕಾಗಿಲ್ಲ. ಈ ಅಂಕಿಗಳು ಪ್ರತಿ ವರ್ಷ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳಲು ಅನುಕೂಲವಿರುವವರ ಅಂಕಿಗಳು ಎಂಬುದನ್ನು ಮಾತ್ರ ಮರೆಯಬಾರದು. ರಕ್ತಹೀನತೆಯಲ್ಲೇ ದುಡಿಯುವ, ಬಿಪಿ ಎಷ್ಟಿದೆ ಎಂದು ಒಮ್ಮೆಯೂ ನೋಡಿಸಿಕೊಳ್ಳದ ಹೆಂಗಸಿಗೆ ಇದೇ ಅಂಕಿ ತೋರಿಸಿ 'ಏನೂ ಆಗಲ್ಲಮ್ಮ' ಎನ್ನುವುದು ತಪ್ಪು.

ಹಣ ನಡುವೆ ಬಂದರೆ ವೈದ್ಯರಿಗೆ ಸಿಗುವ ಮಾಹಿತಿಯೂ ಕೆಡುತ್ತದೆ. ಅಣ್ಣನಿಗೆ ಕೊಡುವ ತಮ್ಮ ತನ್ನ ಹಳೆಯ ಕಾಮಾಲೆಯನ್ನು ಮುಚ್ಚಿಡುವುದಿಲ್ಲ, ಮುಚ್ಚಿಟ್ಟರೆ ಅಣ್ಣನಿಗೇ ತೊಂದರೆ. ಮಾರುವವರಿಗೆ ಮುಚ್ಚಿಡಲು ಕಾರಣವಿದೆ: ಹೇಳಿದರೆ ವ್ಯಾಪಾರ ಮುರಿಯುತ್ತದೆ. ರಕ್ತದ ವಿಷಯದಲ್ಲಿ ನಮ್ಮ ದೇಶ ಈ ಪಾಠವನ್ನು ಕಲಿತಾಗಿದೆ. ಹಣಕ್ಕಾಗಿ ರಕ್ತ ಕೊಡುವವರಿಂದ ಸೋಂಕು ಹರಡುತ್ತಿದೆ ಎಂಬ ಆತಂಕದ ನಡುವೆ ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶ ಕೊಟ್ಟಿತು, 1998ರ ಜನವರಿಯಿಂದ ರಕ್ತ ಮಾರಾಟ ನಿಂತಿತು. ಆಗ ರಕ್ತವೇ ಸಿಗದೆ ಹೋಗುತ್ತದೆ ಎಂದು ಹೆದರಿದವರಿದ್ದರು. ಇಂದು ಕಾಲೇಜು, ಕಚೇರಿ, ಗಣೇಶೋತ್ಸವದ ಪೆಂಡಾಲುಗಳಲ್ಲಿ ಜನ ಸಾಲುಗಟ್ಟಿ ರಕ್ತ ಕೊಡುತ್ತಾರೆ.

ಇರಾನಿನ ದಾರಿ

ಕಿಡ್ನಿಗೆ ಹಣ ಕೊಡುವುದನ್ನು ಕಾನೂನಿನೊಳಗೆ ತಂದ ದೇಶ ಇರಾನ್. 1988ರಿಂದ ಅಲ್ಲಿ ರೋಗಿಗಳ ಸಂಘವೊಂದು ಕೊಡುವವರನ್ನೂ ಪಡೆಯುವವರನ್ನೂ ಜೋಡಿಸುತ್ತದೆ. ದಲ್ಲಾಳಿಗೆ ಅಧಿಕೃತ ಜಾಗವಿಲ್ಲ, ಜೋಡಿಸಿದ್ದಕ್ಕೆ ಸಂಘ ಹಣ ಪಡೆಯುವುದಿಲ್ಲ. ಆಸ್ಪತ್ರೆಯ ಖರ್ಚು ಸರ್ಕಾರದ್ದು. ಕೊಡುವವರಿಗೆ ಸರ್ಕಾರದಿಂದ ನಿಗದಿಯಾದ ಮೊತ್ತ ಮತ್ತು ಆರೋಗ್ಯ ವಿಮೆ. ಹೊರದೇಶದವರು ಇರಾನಿಯರ ಕಿಡ್ನಿ ಪಡೆಯುವ ಹಾಗಿಲ್ಲ. ಕಾಯುವವರ ಪಟ್ಟಿ ಕರಗಿತು ಎಂದು ಅಲ್ಲಿನ ವೈದ್ಯರು ಹೇಳಿಕೊಂಡದ್ದು ಜಗತ್ತಿನ ಗಮನ ಸೆಳೆಯಿತು. ಡಯಾಲಿಸಿಸ್‌ನಲ್ಲಿದ್ದ ಎಷ್ಟೋ ಜನ ಇದರಿಂದ ಬದುಕಿದರು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ತೊಡಕು ಎದ್ದದ್ದು ಸರ್ಕಾರದ ಮೊತ್ತ ಸಾಲದೆ ಬಂದಾಗ. ಅದರ ಮೇಲೆ ಪಡೆಯುವವರ ಮನೆಯವರು ಬೇರೆ ಹಣ ಕೊಡಬೇಕಾಯಿತು, ಆ ಹಣಕ್ಕೆ ಚೌಕಾಸಿ ಶುರುವಾಯಿತು. ಟೆಹರಾನಿನ ಆಸ್ಪತ್ರೆಗಳ ಸುತ್ತಲಿನ ಗೋಡೆಗಳ ಮೇಲೆ ರಕ್ತದ ಗುಂಪು ಮತ್ತು ಫೋನ್ ನಂಬರ್ ಬರೆದ ಚೀಟಿಗಳು ಕಾಣಿಸಿಕೊಂಡವು. ಕಿಡ್ನಿ ಕೊಟ್ಟವರಲ್ಲಿ ಹೆಚ್ಚಿನವರು ಬಡವರೇ. ಕೆರ್ಮಾನ್‌ಶಾಹ್ ನಗರದಲ್ಲಿ ಮಾರಿದ್ದ 300 ಜನರನ್ನು ಕೇಳಿದ ಅಧ್ಯಯನದಲ್ಲಿ ಬಹುಪಾಲು ಜನ, ಇನ್ನೊಮ್ಮೆ ಅವಕಾಶವಿದ್ದರೆ ಖಂಡಿತ ಮಾರುತ್ತಿರಲಿಲ್ಲ ಎಂದರು. ಸರ್ಕಾರವೇ ನಡುವೆ ನಿಂತ ವ್ಯವಸ್ಥೆಯಲ್ಲಿ ಬಂದ ಉತ್ತರವಿದು. ಕಳ್ಳಸಂತೆಯ ಮೇಲೆ ಹೊರೆ ಹಾಕಿ ಇದನ್ನು ಬದಿಗೆ ಸರಿಸಲಾಗದು.

ಮಾರಾಟದ ಪರವಾಗಿ ಬಂದ ಯೋಜನೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಬ್ರಿಟನ್ನಿನ ಚಾರ್ಲ್ಸ್ ಎರಿನ್ ಮತ್ತು ಜಾನ್ ಹ್ಯಾರಿಸ್ 2003ರಲ್ಲಿ ಮುಂದಿಟ್ಟದ್ದು. ಕೊಳ್ಳುವವರು ಒಬ್ಬರೇ ಇರಬೇಕು, ಅದು ಸಾರ್ವಜನಿಕ ಆರೋಗ್ಯ ವ್ಯವಸ್ಥೆ. ಕೊಂಡ ಕಿಡ್ನಿಯನ್ನು ರೋಗದ ತುರ್ತು ನೋಡಿ ಹಂಚಬೇಕು, ಜೇಬು ನೋಡಿ ಅಲ್ಲ. ಮಾರುವವರೂ ಅದೇ ನಾಡಿನವರಾಗಿರಬೇಕು, ನಾಳೆ ಅವರಿಗೇ ಬೇಕಾದರೆ ಅದೇ ವ್ಯವಸ್ಥೆಯಿಂದ ಸಿಗಬೇಕು. ಕರ್ನಾಟಕದಲ್ಲಿ ಇದನ್ನು ಊಹಿಸಿಕೊಳ್ಳುವುದಾದರೆ, ಮೃತರ ಅಂಗಾಂಗ ಹಂಚುವ ಜೀವಸಾರ್ಥಕತೆ ಸಂಸ್ಥೆಯೇ ಕಿಡ್ನಿ ಕೊಂಡು ತನ್ನ ಪಟ್ಟಿಯ ಪ್ರಕಾರ ಕೊಟ್ಟ ಹಾಗೆ. ಉಳ್ಳವರು ಇಲ್ಲದವರಿಂದ ಕೊಳ್ಳುತ್ತಾರೆ ಎಂಬ ಆಕ್ಷೇಪದ ಅರ್ಧಭಾಗ ಇದರಿಂದ ಬಿದ್ದುಹೋಗುತ್ತದೆ: ಪಡೆಯುವವರು ಯಾರೂ ಆಗಬಹುದು. ಕೊಡುವವರು ಯಾರು ಎಂಬ ಇನ್ನರ್ಧ ಹಾಗೇ ಉಳಿಯುತ್ತದೆ. ಐದು ಲಕ್ಷಕ್ಕೆ ಕಿಡ್ನಿ ಕೊಡಲು ಸದಾಶಿವನಗರದಿಂದ ಯಾರೂ ಬರುವುದಿಲ್ಲ.

ಮಾರದವರಿಗೆ ಬೀಳುವ ಹೊರೆ

ಮಾರುವ ಸ್ವಾತಂತ್ರ್ಯ ಕೊಟ್ಟರೆ ಬೇಡದವರು ಮಾರದೆ ಇರಬಹುದು, ಯಾರಿಗೂ ನಷ್ಟವಿಲ್ಲ ಎಂಬುದು ಈ ವಾದದ ಬುಡ. ಈ ಬುಡವೇ ಸಡಿಲ. ಮಾರಬಹುದಾದ ವಸ್ತುವೊಂದು ಮನೆಯಲ್ಲಿದೆ ಎಂದಾದ ಕೂಡಲೇ ಸಾಲ ಕೊಟ್ಟವರ ಕಣ್ಣು ಅದರ ಮೇಲೆ ಬೀಳುತ್ತದೆ. ಕಿವಿಯಲ್ಲಿ ಓಲೆ ಇದ್ದವರಿಗೆ 'ದುಡ್ಡಿಲ್ಲ' ಎಂದು ಹೇಳುವ ಧೈರ್ಯವಿರುವುದಿಲ್ಲ, ಓಲೆ ಅಡವಿಡು ಎನ್ನುತ್ತಾರೆ. ಓಲೆಯೂ ಹೋದ ಮೇಲೆ ಈಗಿನ ಮಟ್ಟಿಗೆ ಹೆಂಗಸು 'ಇನ್ನೇನೂ ಉಳಿದಿಲ್ಲ' ಎನ್ನಬಹುದು, ಆ ಮಾತು ನಿಜ. ಕಿಡ್ನಿಗೆ ಸರ್ಕಾರಿ ದರ ನಿಗದಿಯಾದ ದಿನ ಆ ಮಾತು ಸುಳ್ಳಾಗುತ್ತದೆ.

ಇದು ಬರಿಯ ಊಹೆಯಲ್ಲ. 1990ರ ದಶಕದ ಕೊನೆಯಲ್ಲಿ ತಮಿಳುನಾಡಿನ ಕಿಡ್ನಿ ಮಾರಾಟದ ಪ್ರದೇಶಗಳಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೊಹೆನ್ ಗಮನಿಸಿದ್ದು ಇದನ್ನೇ: ಕಿಡ್ನಿ ಮಾರುವುದು ರೂಢಿಯಾದ ಕಡೆ ಸಾಲ ಕೊಡುವವರ ಒತ್ತಡವೂ ಬಿರುಸಾಯಿತು. ಮಾರಿದವರಿಗೆ ಮಾತ್ರವಲ್ಲ, ಮಾರಲು ಒಪ್ಪದವರಿಗೂ ಬದುಕು ಬದಲಾಯಿತು. ಈ ಇಡೀ ಚರ್ಚೆಯಲ್ಲಿ ನಮಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವ ಕಾರಣ ಇದು. ದೇಹ ಪವಿತ್ರ, ದೇಹಕ್ಕೆ ಬೆಲೆ ಕಟ್ಟಬಾರದು ಎಂಬ ಮಾತನ್ನು ಒಪ್ಪದವರೂ ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ನಮ್ಮಲ್ಲಿ ಸಾಲದ ಒತ್ತಡ ಎಂಥದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೈಕ್ರೋ ಫೈನಾನ್ಸ್ ವಸೂಲಿಯವರ ಕಾಟ ತಡೆಯಲೆಂದೇ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತಿಗೆ ಮನೆಬಾಗಿಲಲ್ಲಿ ಕೂರುವವರ ಕೈಗೆ ಇನ್ನೊಂದು ಅಡಮಾನದ ದಾರಿ ಕೊಡುವುದು ಎಂಥ ಕೆಲಸ ಎಂದು ಸಾಲದ ಸಂಘಗಳಲ್ಲಿರುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾರೆ.

ಹಾಗೆಂದು ಈಗಿನ ದಾನದ ವ್ಯವಸ್ಥೆ ನಿಷ್ಕಳಂಕವೆಂದಲ್ಲ. ಬದುಕಿರುವಾಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಅಮ್ಮ, ಹೆಂಡತಿ, ಅಕ್ಕ ಕೊಡುವುದು ಸಹಜವೆಂದು ಮನೆಯೇ ತೀರ್ಮಾನಿಸಿಬಿಡುತ್ತದೆ. ಹೆಣ್ಣು ದಾನಿಯಾದರೆ ಅವಳ ಗುರುತನ್ನೂ ಸ್ವಂತ ಒಪ್ಪಿಗೆಯನ್ನೂ ಪಡೆಯುವವರಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕೆಂದು 2014ರ ನಿಯಮ ಹೇಳುತ್ತದೆ. ಒಳ್ಳೆಯ ವೈದ್ಯರು ದಾನಿಯನ್ನು ಒಂಟಿಯಾಗಿ ಮಾತನಾಡಿಸುತ್ತಾರೆ. ಮನಸ್ಸಿಲ್ಲವೆಂದು ಕಂಡರೆ ಕುಟುಂಬಕ್ಕೆ 'ದಾನಕ್ಕೆ ಹೊಂದುವುದಿಲ್ಲ' ಎಂದಷ್ಟೇ ತಿಳಿಸಿ ಆಕೆಯನ್ನು ಪಾರುಮಾಡುತ್ತಾರೆ. ಹಣ ಪಡೆದವರಿಗೆ ಹೀಗೆ ಹಿಂದೆ ಸರಿಯುವ ಗುಟ್ಟಿನ ದಾರಿ ಇರುವುದಿಲ್ಲ. ಮುಂಗಡ ಆಗಲೇ ಬಡ್ಡಿಗೆ ಹೋಗಿರುತ್ತದೆ.

ಹಾಗಾದರೆ ಕಿಡ್ನಿ ಎಲ್ಲಿಂದ

ಮಾರಾಟ ಬೇಡ ಎನ್ನುವವರು ಡಯಾಲಿಸಿಸ್ ರೋಗಿಯ ಮುಖ ನೋಡಿ ಈ ಪ್ರಶ್ನೆಗೆ ಉತ್ತರಿಸಬೇಕು. ರಾಜ್ಯದಲ್ಲಿ ಕಿಡ್ನಿಗೆ ಕಾಯುತ್ತಿರುವವರು ಸಾವಿರಾರು. 2023ರಲ್ಲಿ ಕರ್ನಾಟಕದಲ್ಲಿ ಮಿದುಳು ನಿಷ್ಕ್ರಿಯವಾದ 178 ಜನರ ಕುಟುಂಬಗಳು ಅಂಗಾಂಗ ದಾನ ಮಾಡಿದವು. ಇಡೀ ದೇಶದಲ್ಲಿ ಆ ವರ್ಷ ಅಂಥ ದಾನಿಗಳು 1,100ರ ಆಸುಪಾಸು, ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬರೂ ಇಲ್ಲ. ಸ್ಪೇನಿನಲ್ಲಿ ಅದೇ ಹತ್ತು ಲಕ್ಷಕ್ಕೆ 40ಕ್ಕೂ ಹೆಚ್ಚು. ಒಬ್ಬ ದಾನಿಯಿಂದ ಎರಡು ಕಿಡ್ನಿ, ಯಕೃತ್ತು, ಹೃದಯ, ಶ್ವಾಸಕೋಶ, ಕಾರ್ನಿಯಾ ಸಿಗಬಹುದು. ಹೃದಯ ಮಾರಾಟಕ್ಕೆ ಬರುವ ವಸ್ತುವಲ್ಲ ಎಂಬುದನ್ನೂ ನೆನಪಿಡಬೇಕು. ಮಾರುಕಟ್ಟೆ ತೆರೆದರೂ ಹೃದಯದ ರೋಗಿಗೆ ದಾರಿ ಇದೊಂದೇ.

2021ರ ಜೂನಿನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿತು. ಆಗ ಬಹಳ ಜನರಿಗೆ ಮಿದುಳು ನಿಷ್ಕ್ರಿಯತೆ ಎಂಬ ಪದ ಮೊದಲ ಸಲ ಕಿವಿಗೆ ಬಿತ್ತು. ಕೋಮಾ ಬೇರೆ, ಇದು ಬೇರೆ. ಕೋಮಾದಿಂದ ಎದ್ದು ಬರುವ ಸಾಧ್ಯತೆ ಇರುತ್ತದೆ, ಇದರಿಂದ ಇಲ್ಲ. ವೆಂಟಿಲೇಟರಿನ ಬಲದಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬಿಸಿಯಾಗಿರುತ್ತದೆ, ಮನೆಯವರಿಗೆ ನಂಬುವುದು ಕಷ್ಟವಾಗುವುದು ಅದಕ್ಕೇ. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸುತ್ತದೆ. ಕಣ್ಣಿನ ಪಾಪೆ, ಕೆಮ್ಮು, ಕೊನೆಗೆ ವೆಂಟಿಲೇಟರ್ ಕಳಚಿ ತಾನಾಗಿ ಉಸಿರಾಡುವ ಪ್ರಯತ್ನ ಬರುತ್ತದೆಯೇ ಎಂದು ನೋಡುತ್ತಾರೆ. ದಾನಿ ಕಾರ್ಡಿಗೆ ಸಹಿ ಹಾಕಿದ್ದರೂ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತ ಮನೆಯವರೇ ಹೂಂ ಎನ್ನಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಪರೀಕ್ಷೆ ತಡವಾಗುತ್ತದೆ, ರಕ್ತದೊತ್ತಡ ಕುಸಿದು ಅಂಗಗಳು ಹಾಳಾಗುತ್ತವೆ. ಇಲ್ಲವೇ ಸಾವಿನ ಸುದ್ದಿ ಮತ್ತು ದಾನದ ಕೋರಿಕೆ ಒಂದೇ ಉಸಿರಿನಲ್ಲಿ ಬಂದು ಕುಟುಂಬ ಮುಖ ತಿರುಗಿಸುತ್ತದೆ.

ರಕ್ತದ ಗುಂಪು ಹೊಂದದ ಎರಡು ಜೋಡಿಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಣವಿಲ್ಲದ ವಿನಿಮಯ ಇದು, ಇನ್ನೂ ಎಷ್ಟೋ ಬೆಳೆಯಬೇಕು. ಇಸ್ರೇಲ್ 2008ರಲ್ಲಿ ಹೊರದೇಶಕ್ಕೆ ಹೋಗಿ ಕೊಂಡ ಅಂಗಕ್ಕೆ ವಿಮೆಯ ಹಣ ಕೊಡುವುದನ್ನು ನಿಲ್ಲಿಸಿ, ದಾನಿಗಳಿಗೆ 40 ದಿನದ ಕೂಲಿ ನಷ್ಟ ತುಂಬಿಕೊಡುವ ಕಾನೂನು ತಂದಿತು. ಕುಟುಂಬದೊಳಗಿನ ದಾನ ಅಲ್ಲಿ ಹೆಚ್ಚಿತು. ಕೊಳ್ಳುವ ದಾರಿ ಮುಚ್ಚಿದಾಗ ಮನೆಯವರು ಮುಂದೆ ಬಂದರು.

ನಮ್ಮ ಕಾನೂನಿನಲ್ಲಿ ಎರಡು ಕಡೆ ರಿಪೇರಿ ಬೇಕು. ಮೊದಲನೆಯದು ಮಾರಿದವರ ಮೇಲಿನ ಶಿಕ್ಷೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಬಲವಂತವಾಗಿ ಅಂಗಾಂಗ ತೆಗೆಯುವುದನ್ನು ಮಾನವ ಕಳ್ಳಸಾಗಣೆಯೊಳಗೆ ಸೇರಿಸಿದೆ, ಅಲ್ಲಿ ಬಲಿಯಾದವರ ಒಪ್ಪಿಗೆಗೆ ಬೆಲೆಯಿಲ್ಲ ಎಂದೂ ಹೇಳಿದೆ. ಕಸಿ ಕಾಯ್ದೆಯ 19ನೇ ಕಲಮು ಹಣ ಪಡೆದವರನ್ನು ದಲ್ಲಾಳಿಯ ಸಾಲಿನಲ್ಲೇ ನಿಲ್ಲಿಸುತ್ತದೆ. ಒಂದೇ ಹೆಂಗಸು ಒಂದು ಕಾನೂನಿನಲ್ಲಿ ಸಂತ್ರಸ್ತೆ, ಇನ್ನೊಂದರಲ್ಲಿ ಕನಿಷ್ಠ ಐದು ವರ್ಷದ ಅಪರಾಧಿ. ಹೀಗಿರುವಾಗ ದೂರು ಕೊಡಲು ಯಾರು ಬರುತ್ತಾರೆ? ದೂರು ಬರದಿದ್ದರೆ ದಲ್ಲಾಳಿ ಸಿಗುವುದು ಹೇಗೆ? ಸಾಲಕ್ಕೆ ಸಿಕ್ಕು ಮಾರಿದವರನ್ನು ಶಿಕ್ಷೆಯಿಂದ ಹೊರಗಿಟ್ಟು ಸಾಕ್ಷಿಯಾಗಿ ಉಳಿಸಿಕೊಳ್ಳಬೇಕು.

ಎರಡನೆಯದು ದಾನಿಯ ನಷ್ಟ. ಕಾಯ್ದೆಯ ಎರಡನೇ ಕಲಮಿನಲ್ಲಿ 'ಹಣ ಪಾವತಿ' ಎಂದರೇನು ಎಂಬ ವಿವರಣೆಯಿದೆ. ಅಂಗ ತೆಗೆಯುವ, ಸಾಗಿಸುವ, ಕಾಪಿಡುವ ಖರ್ಚು ಮತ್ತು ಕೊಟ್ಟದ್ದರಿಂದ ನೇರವಾಗಿ ಆದ ಖರ್ಚು, ಸಂಪಾದನೆಯ ನಷ್ಟ ಆ ವಿವರಣೆಯಿಂದ ಹೊರಗಿವೆ. ಅಂದರೆ ದಾನಿಗೆ ಕೂಲಿ ನಷ್ಟ ತುಂಬಿಕೊಡುವುದು ಇವತ್ತಿಗೂ ಅಪರಾಧವಲ್ಲ. ಕೇಂದ್ರ ಸರ್ಕಾರದ ನೌಕರರು ಅಂಗ ದಾನ ಮಾಡಿದರೆ 2023ರಿಂದ 42 ದಿನದವರೆಗೆ ವಿಶೇಷ ರಜೆ ಸಿಗುತ್ತದೆ. 42 ದಿನ ಎಂದರೆ ಆರು ವಾರ, ಭಾರ ಎತ್ತಬಾರದೆಂದು ವೈದ್ಯರು ಹೇಳುವ ಅದೇ ಅವಧಿ. ದಿನಕ್ಕೆ 600 ರೂಪಾಯಿಯಂತೆ ವಾರಕ್ಕೆ ಆರು ದಿನ ದುಡಿಯುವ ಅಣ್ಣ ತಂಗಿಗೆ ಕಿಡ್ನಿ ಕೊಟ್ಟು ಆರು ವಾರ ಮನೆಯಲ್ಲಿ ಕೂತರೆ ಕಳೆದುಕೊಳ್ಳುವುದು 21,600 ರೂಪಾಯಿ. ಆ ಮೊತ್ತವನ್ನು ಯಾರು ಕೊಡಬೇಕು, ಯಾವ ಕಾಗದ ನೋಡಿ ಕೊಡಬೇಕು ಎಂಬುದು ಆ ಕಲಮಿನಲ್ಲಿಲ್ಲ. ಅಷ್ಟು ದಿನ ಅವನ ಮನೆ ನಡೆಯುವುದು ಕೈಸಾಲದಿಂದ.